ಗೆರಟೆ ತುಂಬಿದ ಹತ್ತೊಂಬತ್ತು ನಿಮಿಷ

ಪುತ್ತೂರು
18 ನವೆಂಬರ್ 2024

ದಮಯಂತಿ ಅಮ್ಮನಿಗೆ ಚಿನ್ಮಯ ಮಾಡುವ ನಮಸ್ಕಾರಗಳು.

ನಿಮ್ಮ ಮಗಳು ಭವಿತಾಳ ಉತ್ತರಕ್ರಿಯೆಯ ದಿನ ಪಂಜಕ್ಕೆ ಬಂದು ಊಟಕ್ಕೂ ನಿಲ್ಲದೆ ಹೋದ ಕನ್ನಡಕದವನು ನಾನು. ಕಾಲೇಜಿನಲ್ಲಿ ಅವಳ ಜೊತೆ ಓದಿದವನು. ಈಗ ಪುತ್ತೂರಿನಲ್ಲಿ ಮದುವೆ ವಿಡಿಯೊಗಳ ಎಡಿಟಿಂಗ್ ಮಾಡುತ್ತೇನೆ. ಅವಳು ಕಳೆದ ಜನವರಿಯಲ್ಲಿ ನಿಮ್ಮ ಮನೆಯಲ್ಲೂ ರಬ್ಬರ್ ತೋಟದಲ್ಲೂ ತೆಗೆದ ಸಿನಿಮಾದ ಎಡಿಟಿಂಗ್ ಕೂಡ ನನ್ನದೇ. ಎರಡು ಸಲ ಫೋನ್ ಮಾಡಿದ್ದೆ. ಎರಡು ಸಲವೂ ನೀವು "ಕಾಗದ ಬರೀರಿ" ಎಂದು ಹೇಳಿ ಇಟ್ಟುಬಿಟ್ಟಿರಿ. ಹಾಗಾಗಿ ಬರೆಯುತ್ತಿದ್ದೇನೆ.

ಒಂದು ಚಿತ್ರೋತ್ಸವದವರು ಅವಳ ಸಿನಿಮಾ ತೋರಿಸಲು ಒಪ್ಪಿದ್ದಾರೆ. ಸಿನಿಮಾ ಇರುವುದು ಮೂರು ಗಂಟೆ ಹತ್ತು ನಿಮಿಷ. ಅವರಿಗೆ ಎರಡು ಗಂಟೆಯ ಒಳಗೆ ಬೇಕು, ಜನವರಿ ಮೂವತ್ತೊಂದರೊಳಗೆ ಬೇಕು. ಅವಳು ಹೋದ ಮೇಲೆ ಸಿನಿಮಾ ನಿಮ್ಮದು. ನಿಮ್ಮ ಸಹಿ ಇಲ್ಲದೆ ನಾನು ಒಂದು ಸೆಕೆಂಡನ್ನೂ ಕತ್ತರಿಸುವಂತಿಲ್ಲ. ಒಪ್ಪಿಗೆಯ ಕಾಗದವನ್ನೂ ಇಡೀ ಸಿನಿಮಾ ಇರುವ ಪೆನ್‌ಡ್ರೈವನ್ನೂ ಇದರ ಜೊತೆ ಇಟ್ಟಿದ್ದೇನೆ. ನೋಡಿದ ಮೇಲೆಯೇ ಸಹಿ ಹಾಕಿ.

ಒಂದು ಮಾತು. ಇಂಥ ಸಿನಿಮಾ ನೋಡುವುದು ಸುಲಭವಲ್ಲ. ಇದರಲ್ಲಿ ಕಥೆ ಹುಡುಕಬೇಡಿ. ಮುಂದೆ ಏನಾಗುತ್ತದೆ ಎಂದು ಕಾಯಬೇಡಿ. ಪರದೆಯ ಮೇಲೆ ಇರುವುದನ್ನಷ್ಟೇ ನೋಡುತ್ತಿರಿ. ಕಾಲವೇ ಇದರ ಪಾತ್ರ.

ನಿಮ್ಮ
ಚಿನ್ಮಯ


ಪಂಜ
29 ನವೆಂಬರ್ 2024

ಚಿನ್ಮಯ ಅವರಿಗೆ,

ನಿಮ್ಮ ಕವರ್ ತಲುಪಿತು. ಫೋನ್ ಇಟ್ಟದ್ದಕ್ಕೆ ಬೇಸರ ಮಾಡಬೇಡಿ. ಫೋನಿನಲ್ಲಿ ಅವಳ ಹೆಸರು ಕೇಳಿದರೆ ನನಗೆ ಸ್ವರ ಬರುವುದಿಲ್ಲ. ಕಾಗದವಾದರೆ ಅತ್ತು, ಮುಖ ತೊಳೆದು ಬಂದು ಮುಂದುವರಿಸಬಹುದು.

ನಮ್ಮ ಟಿವಿ ಹಳೆಯದು, ಅದರಲ್ಲಿ ಪೆನ್‌ಡ್ರೈವ್ ಹಿಡಿಯುವುದಿಲ್ಲ. ಆಚೆ ಮನೆಯ ಸುಹರಾಳಲ್ಲಿ ದೊಡ್ಡ ಟಿವಿ ಉಂಟು. ಮಧ್ಯಾಹ್ನ ರಬ್ಬರ್ ಶೀಟ್ ಒಣಗಲು ಹಾಕಿ, ಮಿಂದು, ಅಲ್ಲಿಗೆ ಹೋಗಿ ಕುಳಿತೆ. ಸುಹರಾ ಚಾ ಮಾಡಿ ತಂದಳು. ಟಿವಿಯಲ್ಲಿ ನಮ್ಮ ಮನೆಯ ಜಗಲಿ. ಜಗಲಿಯ ಮೇಲೆ ಒಂದು ಚಾಪೆ. ಚಾಪೆಯ ಮೇಲೆ ಬಿಸಿಲು. ಐದು ನಿಮಿಷವಾದರೂ ಅದೇ. ಸುಹರಾ ಎದ್ದು ಟಿವಿಯ ಹಿಂದೆ ಕೈ ಹಾಕಿ ವಯರ್ ಅಲ್ಲಾಡಿಸಿದಳು. "ದಮಯಂತಕ್ಕ, ಇದು ನಿಂತುಹೋಗಿದೆಯಾ ಅಂತ" ಎಂದಳು. ಇಲ್ಲ, ಹೀಗೆಯೇ ಅದು ಎಂದೆ. "ಅಲ್ಲ, ಬಿಸಿಲು ನೋಡ್ಲಿಕ್ಕೆ ನಾವು ಒಳಗೆ ಯಾಕೆ ಕೂತದ್ದು?" ಎಂದು ಕೇಳಿದಳು.

ಹದಿನಾಲ್ಕನೆಯ ನಿಮಿಷಕ್ಕೆ ನನಗೆ ನಿದ್ದೆ ಬಂತು. ಬೆಳಗ್ಗೆ ನಾಲ್ಕಕ್ಕೆ ರಬ್ಬರ್ ಮರ ಗೀರಲು, ಟ್ಯಾಪಿಂಗಿಗೆ ಹೋಗುವವಳು ನಾನು, ಮಧ್ಯಾಹ್ನ ಯಾರಾದರೂ ನನ್ನನ್ನು ಸುಮ್ಮನೆ ಕೂರಿಸಿದರೆ ಅದೇ ಗತಿ. ಹಿಂದೊಮ್ಮೆ ಭವಿತಾಳೂ ತನಗೆ ಬಹಳ ಇಷ್ಟದ್ದೆಂದು ಯಾವುದೋ ದೇಶದ ಸಿನಿಮಾ ಹಾಕಿ ಕೂರಿಸಿದ್ದಳು. ಒಬ್ಬ ಮುದುಕ ಆಲೂಗೆಡ್ಡೆ ತಿನ್ನುತ್ತಿದ್ದ. ನಾನು ಗೊರಕೆ ಹೊಡೆದೆನಂತೆ. ಎಚ್ಚರವಾದಾಗ ಅವಳು ಟಿವಿ ಆರಿಸಿ ಅಂಗಳದಲ್ಲಿ ನಿಂತಿದ್ದಳು. ಆ ದಿನ ಅವಳಿಗೆ ಅಷ್ಟು ನೋವಾಗಿತ್ತು ಎಂದು ಆಗ ನನಗೆ ಹೊಳೆಯಲಿಲ್ಲ.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಆದರೆ ಈ ಹೆಗ್ಗಣ ಮೂರು ಗಂಟೆ ಉದ್ದ ಉಂಟಲ್ಲ. ದಿನಕ್ಕೆ ಸ್ವಲ್ಪ ಸ್ವಲ್ಪ ನೋಡುತ್ತೇನೆ. ಕಾಗದಕ್ಕೆ ಸಹಿ ಆಮೇಲೆ.

ದಮಯಂತಿ


ಪುತ್ತೂರು
4 ಡಿಸೆಂಬರ್ 2024

ದಮಯಂತಿ ಅಮ್ಮನಿಗೆ,

ನಿದ್ದೆ ಬಂದದ್ದಕ್ಕೆ ನಾಚಿಕೆ ಬೇಡ. ದೊಡ್ಡ ದೊಡ್ಡ ಪಂಡಿತರೂ ಇಂಥ ಸಿನಿಮಾಗಳಲ್ಲಿ ನಿದ್ದೆ ಮಾಡುತ್ತಾರೆ, ಎಚ್ಚರವಾದ ಮೇಲೆ ಲೇಖನ ಬರೆಯುತ್ತಾರೆ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಊಟವಾದ ಕೂಡಲೇ ಕೂರಬೇಡಿ. ಒಂದೇ ಕಡೆ ನೋಡಬೇಡಿ. ಮೂಲೆಗಳನ್ನು ನೋಡಿ, ಹಿಂದೆ ಇರುವುದನ್ನು ನೋಡಿ.

ನಾನು ಮುಖ್ಯವಾಗಿ ಕತ್ತರಿಸಬೇಕೆಂದಿರುವುದು ಎಲ್ಲಿ ಎಂದೂ ಹೇಳಿಬಿಡುತ್ತೇನೆ. ಒಂದು ಗಂಟೆ ಇಪ್ಪತ್ತೈದನೆಯ ನಿಮಿಷಕ್ಕೆ ಒಂದು ರಬ್ಬರ್ ಮರ ಬರುತ್ತದೆ. ಮರಕ್ಕೆ ಕಟ್ಟಿದ ತೆಂಗಿನ ಗೆರಟೆಗೆ ಹಾಲು ತೊಟ್ಟಿಕ್ಕುತ್ತಾ ತುಂಬುತ್ತದೆ, ಕೊನೆಗೆ ಉಕ್ಕಿ ಹರಿಯುತ್ತದೆ. ಅಷ್ಟೇ. ಒಂದೇ ಶಾಟ್, ಹತ್ತೊಂಬತ್ತು ನಿಮಿಷ. ಮನುಷ್ಯರಿಲ್ಲ, ಮಾತಿಲ್ಲ. ಸಾಲದ್ದಕ್ಕೆ ನಡುವೆ ಒಮ್ಮೆ ಸ್ಟ್ಯಾಂಡ್ ಜಾರಿ ಕೆಮರಾ ಸ್ವಲ್ಪ ಬಲಕ್ಕೆ ವಾಲಿದೆ. ಕಾಲ ತುಂಬಿ ಚೆಲ್ಲುವುದರ ರೂಪಕ ಅದು, ನನಗೆ ಅರ್ಥವಾಗುತ್ತದೆ. ಆದರೆ ರೂಪಕಕ್ಕೆ ಒಂದು ನಿಮಿಷ ಸಾಕು. ನಮ್ಮ ಮದುವೆ ವಿಡಿಯೊದಲ್ಲಿ ಒಂದು ಶಾಟ್ ನಾಲ್ಕು ಸೆಕೆಂಡು ದಾಟಿದರೆ ಹುಡುಗಿಯ ಕಡೆಯವರ ಫೋನ್ ಬರುತ್ತದೆ!

ಅವಳ ಸಿನಿಮಾ ನಾಲ್ಕು ಜನ ನೋಡಬೇಕು ಎಂಬುದೊಂದೇ ನನ್ನ ಆಸೆ.

ನಿಮ್ಮ
ಚಿನ್ಮಯ


ಪಂಜ
16 ಡಿಸೆಂಬರ್ 2024

ಚಿನ್ಮಯ ಅವರಿಗೆ,

ಒಂದು ಗಂಟೆ ಇಪ್ಪತ್ತನಾಲ್ಕು ನಿಮಿಷ ಆಯಿತು. ಹತ್ತು ದಿನ ಹಿಡಿಯಿತು. ಈಗ ಸುಹರಾಳಿಗೂ ಅಭ್ಯಾಸವಾಗಿದೆ, ಟಿವಿಯ ಮುಂದೆ ಕುಳಿತು ಬೀಡಿ ಸುತ್ತುತ್ತಾಳೆ. "ಮೊನ್ನೆ ಬಿಟ್ಟಲ್ಲಿಂದ ಹಾಕುವಾ" ಎಂದು ಅವಳೇ ಕರೆಯುತ್ತಾಳೆ. ಮೊನ್ನೆ ಬಿಟ್ಟದ್ದು ಎಲ್ಲಿ ಎಂದು ಗೊತ್ತಾಗುವುದು ಹೇಗೆ? ಮೊನ್ನೆಯೂ ಟಿವಿಯಲ್ಲಿ ನಾನು ಶೀಟ್ ನೇತುಹಾಕುತ್ತಿದ್ದೆ, ಇವತ್ತೂ ನೇತುಹಾಕುತ್ತಿದ್ದೇನೆ.

ನನ್ನನ್ನು ನಾನು ಇಷ್ಟು ಹೊತ್ತು ನೋಡಿದ್ದು ಇದೇ ಮೊದಲು. ಹರಿದ ನೈಟಿ, ಅದರ ಮೇಲೆ ಅವಳ ಅಪ್ಪನ ಹಳೆ ಅಂಗಿ, ತಲೆಗೆ ಸುತ್ತಿದ ಬೈರಾಸು. ರಬ್ಬರ್ ಕರೆ ಹಿಡಿದ ಕೈ. ಅವಳಪ್ಪ ಹೋಗಿ ಹನ್ನೊಂದು ವರ್ಷವಾಯಿತು. ಆ ಹನ್ನೊಂದು ವರ್ಷವೂ ನನ್ನ ಬೆನ್ನಿನಲ್ಲಿ ಕಾಣುತ್ತದೆ. ನೋಡಲು ಕಷ್ಟವಾಯಿತು, ನಿದ್ದೆ ಬಂದು ಅಲ್ಲ.

ನೀವು ಹೇಳಿದ ಮರ ಬಂತು. ಬಂದ ಕೂಡಲೇ ಆರಿಸಲು ಹೇಳಿದೆ. ಸುಹರಾ ಯಾಕೆಂದು ಕೇಳಿದಳು, ತಲೆನೋವು ಅಂದೆ.

ಅದನ್ನು ಕತ್ತರಿಸಿ. ನೋಡಬೇಕೆಂದೇನೂ ಇಲ್ಲ. ಒಂದು ನಿಮಿಷ ಕೂಡ ಇಡಬೇಡಿ, ಪೂರ್ತಿ ತೆಗೆಯಿರಿ. ಸಹಿ ಮಾಡಿದ ಕಾಗದ ಇದರಲ್ಲಿದೆ. ಇನ್ನು ಈ ವಿಷಯಕ್ಕೆ ನನಗೆ ಬರೆಯಬೇಡಿ. ನಿಮ್ಮ ಕೆಲಸ ಚೆನ್ನಾಗಿ ನಡೆಯಲಿ.

ದಮಯಂತಿ


ಪುತ್ತೂರು
21 ಡಿಸೆಂಬರ್ 2024

ದಮಯಂತಿ ಅಮ್ಮನಿಗೆ,

ಬರೆಯಬೇಡಿ ಎಂದಿರಿ. ಆದರೂ ಬರೆಯುತ್ತಿದ್ದೇನೆ, ಕ್ಷಮಿಸಿ. ನಿಮ್ಮ ಸಹಿ ನೋಡಿ ಮೊದಲು ಖುಷಿಯಾಯಿತು. ನನ್ನಷ್ಟೇ ನಿಮಗೂ ಆ ಶಾಟ್ ಬೇಸರ ತರಿಸಿದೆ, ನಾನು ಹೇಳಿದ್ದು ಸರಿಯೇ ಆಯಿತು ಎಂದುಕೊಂಡೆ. ಆ ಸಂಜೆಯೇ ಕಂಪ್ಯೂಟರಿನಲ್ಲಿ ಅದನ್ನು ತೆಗೆದುಹಾಕಲು ಕುಳಿತೆ. ಕೈ ಓಡಲಿಲ್ಲ. ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟೇ ಸಹಿ ತೆಗೆದುಕೊಂಡಿದ್ದೇನೆ.

ಭವಿತಾಳಿಗೆ ಅದನ್ನು ಕತ್ತರಿಸುವುದು ಇಷ್ಟವಿರಲಿಲ್ಲ. ಜೂನ್ ಕೊನೆಯಲ್ಲಿ ಇದೇ ಕೋಣೆಯಲ್ಲಿ ನಮಗೆ ದೊಡ್ಡ ಜಗಳವಾಯಿತು. ಬೇರೆ ಯಾವುದನ್ನು ಬೇಕಾದರೂ ಕತ್ತರಿಸು, ಇದನ್ನು ಮುಟ್ಟಬೇಡ ಎಂದಳು. ನಾನು, "ಅದರಲ್ಲಿ ಮರ ಬಿಟ್ರೆ ಎಂತ ಉಂಟು ಮಾರಾಯ್ತಿ? ಒಂದು ನರಪಿಳ್ಳೆ ಇಲ್ಲ" ಎಂದೆ. ಅವಳು, "ಇಬ್ಬರಿದ್ದಾರೆ. ನಿಂಗೆ ನೋಡ್ಲಿಕ್ಕೆ ಗೊತ್ತಿಲ್ಲದಿದ್ರೆ ನಾನೆಂತ ಮಾಡುದು?" ಎಂದು ಬ್ಯಾಗ್ ಎತ್ತಿಕೊಂಡು ಹೋದಳು.

ಆಮೇಲೆ ಮೂರು ವಾರ ನಾವು ಮಾತಾಡಲಿಲ್ಲ. ಡೆಂಗಿ ಜ್ವರ, ಆಸ್ಪತ್ರೆಯಲ್ಲಿದ್ದಾಳೆ ಎಂದು ಗೊತ್ತಾದಾಗಲೂ ನನಗೆ ಸಿಟ್ಟಿತ್ತು. ಎರಡು ದಿನ ಬಿಟ್ಟು ಹೋಗೋಣ ಎಂದುಕೊಂಡೆ. ಎರಡು ದಿನ ಅವಳಲ್ಲಿ ಇರಲಿಲ್ಲ. ಉತ್ತರಕ್ರಿಯೆಯ ದಿನ ನಿಮ್ಮ ಮನೆಯ ಎಲೆಯ ಮುಂದೆ ಕೂರಲು ನನಗೆ ಮುಖವಿರಲಿಲ್ಲ.

ಆ ಹತ್ತೊಂಬತ್ತು ನಿಮಿಷವನ್ನು ಎಷ್ಟೋ ಸಲ ನೋಡಿದೆ. ಇಬ್ಬರು ಎಂದರೆ ಒಂದು ಮರ, ಇನ್ನೊಂದು ನೋಡುವವನು ಎಂದೆಲ್ಲ ಅರ್ಥ ಹಚ್ಚಿದೆ. ಅವರಿವರ ಹತ್ತಿರ ದೊಡ್ಡದಾಗಿ ಹೇಳಿದ್ದೂ ಉಂಟು. ನಿಜ ಹೇಳಬೇಕೆಂದರೆ ನನಗೆ ಯಾರೂ ಕಾಣಲಿಲ್ಲ. ಕೆಲವು ಸಲ ಅಲ್ಲೇ ನಿದ್ದೆಯೂ ಹೋದೆ.

ನಿಮ್ಮ ಕಾಗದ ಜನವರಿ ಹತ್ತರವರೆಗೆ ನನ್ನ ಮೇಜಿನ ಮೇಲೆಯೇ ಇರುತ್ತದೆ. ಅಷ್ಟರೊಳಗೆ ನೀವು ಏನೂ ಹೇಳದಿದ್ದರೆ ಕತ್ತರಿಸಿ ಕಳಿಸುತ್ತೇನೆ.

ಚಿನ್ಮಯ


ಪಂಜ
5 ಜನವರಿ 2025

ಚಿನ್ಮಯ,

ಇನ್ನು ನಿನಗೆ ನೀನು ಎಂದೇ ಬರೆಯುತ್ತೇನೆ. ಜಗಳವಾಡಿ ಮಾತು ಬಿಟ್ಟವರು ನಾವಿಬ್ಬರೂ, ನಮ್ಮೊಳಗೆ ಮರ್ಯಾದೆ ಯಾಕೆ?

ನಿನ್ನ ಕಾಗದ ಬಂದು ಎಂಟು ದಿನ ಅದನ್ನು ಅಕ್ಕಿ ಡಬ್ಬದ ಮೇಲೆ ಇಟ್ಟಿದ್ದೆ. ನಿನ್ನೆ ಸುಹರಾಳಲ್ಲಿಗೆ ಹೋಗಿ, "ಆ ಮರದ್ದು ಹಾಕು, ನೀನು ಸ್ವಲ್ಪ ಹೊರಗೆ ಇರು" ಎಂದೆ. ಅವಳು ಬೀಡಿ ಮೊರ ಎತ್ತಿಕೊಂಡು ಜಗಲಿಗೆ ಹೋದಳು.

ನಿನಗೆ ಮೊದಲು ಒಂದು ವಿಷಯ ಹೇಳಬೇಕು. ನೀನು ಪುತ್ತೂರಿನ ಪೇಟೆಯವನು, ನಿನಗೆ ಗೊತ್ತಿರಲಿಕ್ಕಿಲ್ಲ. ಗೆರಟೆ ತುಂಬಿ ಹಾಲು ಉಕ್ಕಿ ಹೋಗುವುದನ್ನು ನಮ್ಮ ಕಡೆ ಯಾರೂ ನೋಡಿಕೊಂಡು ಕೂರುವುದಿಲ್ಲ. ಬೆಳಗ್ಗೆ ಗೀರಿದ ಮರದ ಹಾಲನ್ನು ಹತ್ತು ಗಂಟೆಗೆ ಬಕೆಟ್ ಹಿಡಿದು ಹೋಗಿ ತೆಗೆಯಲೇಬೇಕು. ಬಿಟ್ಟರೆ ಗೆರಟೆಯಲ್ಲೇ ಹೆಪ್ಪುಗಟ್ಟುತ್ತದೆ. ಗಂಡ ಹೋದ ವರ್ಷವೂ ನಾನು ಹನ್ನೆರಡು ದಿನ ಬಿಟ್ಟರೆ ಮತ್ತೆ ತಪ್ಪಿಸಲಿಲ್ಲ. ಹಾಗಾಗಿ ಗೆರಟೆ ಉಕ್ಕುತ್ತಿದೆ ಎಂದರೆ ಅದು ನೀನು ಹೇಳುವ ಕಾಲವೂ ಅಲ್ಲ, ರೂಪಕವೂ ಅಲ್ಲ. ಬರಬೇಕಾದವಳು ಬರಲಿಲ್ಲ ಎಂದು ಅರ್ಥ.

ಬರದವಳು ನಾನು.

ಹಿಂದಿನ ದಿನ ಅವಳು ತೆಗೆದದ್ದನ್ನು ನನಗೆ ತೋರಿಸಿದ್ದಳು. ಅದೇ, ಶೀಟ್ ನೇತುಹಾಕುವುದು. ನೋಡಿ ನನ್ನ ಮೈಯೆಲ್ಲ ಉರಿಯಿತು. "ಊರವರಿಗೆಲ್ಲ ನನ್ನ ಹರ್ಕು ನೈಟಿ ತೋರಿಸ್ಲಿಕ್ಕೆ ನಿನ್ನನ್ನು ಓದಿಸಿದ್ದಾ? ಇದನ್ನು ಯಾರು ನೋಡುದು? ನಾಳೆಯಿಂದ ನಾನು ನಿನ್ನ ಕೆಮರಾದ ಎದುರು ಬರುದಿಲ್ಲ. ಬೇಕಾದ್ರೆ ಮರ ತೆಗಿ" ಎಂದೆ. ಅವಳು ಮರುದಿನ ಮರವನ್ನೇ ತೆಗೆದಳು.

ನಾನು ಬಕೆಟ್ ಹಿಡಿದು ಹೋದದ್ದು ಹೌದು. ಹತ್ತು ಗಂಟೆಗೆ ಕಾಲು ತಾನಾಗಿ ಹೋಗುತ್ತದೆ. ದೂರದಿಂದ ಕೆಮರಾ ಕಂಡಿತು. ಅದರ ಹಿಂದೆ ಅವಳು, ತಲೆಗೆ ನನ್ನದೇ ಒಂದು ಬೈರಾಸು ಸುತ್ತಿಕೊಂಡು ಕುಕ್ಕರಗಾಲಿನಲ್ಲಿ ಕುಳಿತಿದ್ದಳು. ಗೆರಟೆ ಕಂಠದವರೆಗೆ ಬಂದಿತ್ತು. ನಾನು ಮೂರನೆಯ ಮರದ ಹಿಂದೆ ನಿಂತೆ. "ಅವ್ವ, ಬಾ" ಎಂದು ಒಮ್ಮೆ ಕರೆದಿದ್ದರೆ ಹೋಗುತ್ತಿದ್ದೆ. ಕರೆಯಲಿ ಎಂದು ಕಾದೆ. ಹಾಲು ಉಕ್ಕಿ ತೊಗಟೆಯ ಮೇಲೆ ಇಳಿಯುವುದು ಕಂಡಿತು, ಆದರೂ ಹೋಗಲಿಲ್ಲ. ನನ್ನ ಹಠ ನಿನಗೆ ಗೊತ್ತಿಲ್ಲ. ಅವಳಿಗೂ ಅದೇ ಹಠ, ಅದು ಬೇರೆ ಎಲ್ಲಿಂದ ಬರಬೇಕು? ಸ್ವಲ್ಪ ಹೊತ್ತಾದ ಮೇಲೆ ಅವಳು ಕೆಮರಾ ಮಡಚಿ ಮನೆಯ ಕಡೆ ನಡೆದಳು. ನಾನು ಹೋಗಿ ಗೆರಟೆ ಬಿಡಿಸಿದೆ. ಮಧ್ಯಾಹ್ನ ಬಟ್ಟಲಿಗೆ ಬಡಿಸುತ್ತಾ "ಅವ್ವ, ಮೀನು ಹಾಕ್ಲಾ?" ಎಂದು ಕೇಳಿದಳು. ಹಾಕು ಎಂದೆ. ಆ ದಿನದ ಬಗ್ಗೆ ನಾವು ಆಡಿದ ಮಾತು ಅಷ್ಟೇ. ಆಮೇಲೆ ಎಷ್ಟೋ ಸಲ ಬಂದು ಹೋದಳು, ಆ ಮಾತು ನಾನೂ ತೆಗೆಯಲಿಲ್ಲ, ಅವಳೂ ತೆಗೆಯಲಿಲ್ಲ. ಆಟಿ ತಿಂಗಳ ಮಳೆಯಲ್ಲಿ ಹೋಗಿಯೇ ಬಿಟ್ಟಳು.

ಈ ಐದಾರು ತಿಂಗಳು ನನ್ನ ಎದೆಯಲ್ಲಿ ಕುಳಿತದ್ದು ಇದೊಂದೇ. ಅವ್ವ ಬರಲೇ ಇಲ್ಲ ಎಂದುಕೊಂಡೇ ನನ್ನ ಮಗಳು ಸತ್ತಳು ಎಂದು. ಆ ಮರ ನೋಡಲು ನನಗೆ ಧೈರ್ಯವಿರಲಿಲ್ಲ. ಕತ್ತರಿಸು ಎಂದದ್ದು ಬೇಸರದಿಂದ ಅಲ್ಲ.

ನಿನ್ನೆ ನೋಡಿದೆ. ನಿದ್ದೆ ಬರಲಿಲ್ಲ. ಒಂದೊಂದು ತೊಟ್ಟೂ ನೋಡಿದೆ. ಹನ್ನೆರಡನೆಯ ನಿಮಿಷಕ್ಕೆ ಕೆಮರಾ ಸ್ವಲ್ಪ ಬಲಕ್ಕೆ ಹೋಗುತ್ತದಲ್ಲ, ಸ್ಟ್ಯಾಂಡ್ ಜಾರಿದ್ದು ಎಂದು ನೀನು ಬರೆದದ್ದು? ಜಾರಿದ್ದಲ್ಲ ಮಗ. ಬಲಬದಿಯ ಅಂಚಿನಲ್ಲಿ ಮೂರನೆಯ ಮರ ನೋಡು. ಅದರ ಬುಡದಲ್ಲಿ ಒಂದು ಚೂರು ನೀಲಿ ಕಾಣುತ್ತದೆ. ಅದು ನನ್ನ ಬಕೆಟಿನ ಬಾಯಿ. ಅದರ ಮೇಲೆ ಎರಡು ಬೆರಳಿನಷ್ಟು ಅಗಲಕ್ಕೆ ಹೂವಿನ ಬಟ್ಟೆ, ಅದು ಆ ಹರಿದ ನೈಟಿ.

ಅವಳಿಗೆ ನಾನು ಕಂಡಿದ್ದೆ. ಕಂಡು, ಕರೆಯದೆ, ಕೆಮರಾವನ್ನು ಮೆಲ್ಲ ತಿರುಗಿಸಿ ನನ್ನನ್ನು ಒಳಗೆ ಸೇರಿಸಿಕೊಂಡಿದ್ದಾಳೆ. ಆಮೇಲೆ ಏಳು ನಿಮಿಷ ಕಾದಿದ್ದಾಳೆ. ಅವಳು ಕರೆಯಲಿ ಎಂದು ನಾನು, ನಾನೇ ಬರಲಿ ಎಂದು ಅವಳು.

ನಾನು ಸುಹರಾಳ ಮನೆಯಲ್ಲಿ ಬೊಬ್ಬೆ ಹೊಡೆದು ಅತ್ತೆ. ಅವಳು ಓಡಿ ಬಂದು ಟಿವಿ ಆರಿಸಲು ಹೋದಳು. ಆರಿಸಬೇಡ ಎಂದೆ.

ನನ್ನ ಸಹಿಯ ಕಾಗದ ಹರಿದು ಬಿಸಾಡು. ಒಂದು ಸೆಕೆಂಡು ಕತ್ತರಿಸಬೇಡ.

ಅವ್ವ


ಪುತ್ತೂರು
9 ಜನವರಿ 2025

ಅವ್ವ,

ಕಾಗದ ಹರಿದಿದ್ದೇನೆ, ಚೂರುಗಳು ಇದರಲ್ಲಿವೆ.

ನೀಲಿ ಕಂಡಿತು. ನೂರು ಸಲ ನೋಡಿದ ಜಾಗ ಅದು. ಮೂಲೆಗಳನ್ನು ನೋಡಿ ಎಂದು ನಿಮಗೆ ಪಾಠ ಹೇಳಿದವನು ನಾನು. ಅವಳು ಎದುರಿಗಿದ್ದರೆ ಕಾಲು ಹಿಡಿಯುತ್ತಿದ್ದೆ.

ಚಿತ್ರೋತ್ಸವದವರಿಗೆ ಇಲ್ಲವೆಂದು ಬರೆದೆ. ನನ್ನ ಗೆಳೆಯ ನಿಯಾಝ್ ಸುಳ್ಯದಲ್ಲಿ ಒಂದು ಸಣ್ಣ ಸಭಾಂಗಣ ಹಿಡಿದಿದ್ದಾನೆ. ಫೆಬ್ರವರಿ ಎರಡು, ಭಾನುವಾರ ಬೆಳಗ್ಗೆ ಹತ್ತಕ್ಕೆ. ಇಡೀ ಸಿನಿಮಾ, ಮೂರು ಗಂಟೆ ಹತ್ತು ನಿಮಿಷ. ಆ ದಿನ ಕಾಣಿಯೂರಿನಲ್ಲಿ ಒಂದು ಮದುವೆ ನಾನು ಒಪ್ಪಿಕೊಂಡಾಗಿದೆ, ತಪ್ಪಿಸುವಂತಿಲ್ಲ. ನೀವು ಹೋಗಬೇಕು. ಹೇಗಾಯಿತೆಂದು ನನಗೆ ಬರೆಯಬೇಕು.

ಚಿನ್ಮಯ


ಪಂಜ
4 ಫೆಬ್ರವರಿ 2025

ಚಿನ್ಮಯನಿಗೆ,

ಸುಳ್ಯಕ್ಕೆ ಹೋಗಿದ್ದೆ. ಸುಹರಾಳೂ ಬಂದಿದ್ದಳು. "ನಾನು ಒಮ್ಮೆ ನೋಡಿದ್ದೇನೆ, ಆದರೂ ಬರ್ತೇನೆ" ಎಂದಳು. ಇಂಥ ಸಿನಿಮಾಕ್ಕೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ?

ಶುರುವಿನಲ್ಲಿ ಮೂವತ್ತೊಂದು ಜನ. ಜಗಲಿಯ ಬಿಸಿಲಿಗೆ ಆರು ಜನ ಎದ್ದು ಹೋದರು. ನಾನು ಶೀಟ್ ನೇತುಹಾಕುವಾಗ ಮತ್ತೆ ಒಂದಷ್ಟು ಜನ ಎದ್ದರು. ಒಬ್ಬಳು ಕಾಲೇಜು ಹುಡುಗಿ ಬಾಯಿಗೆ ಕೈ ಇಟ್ಟು ಆಕಳಿಸಿ, ನನ್ನನ್ನು ನೋಡಿ ನಾಚಿದಳು. ಆಕಳಿಸು ಮಗಳೇ, ನಾನು ಗೊರಕೆಯೇ ಹೊಡೆದವಳು ಎಂದು ಹೇಳಬೇಕೆನಿಸಿತು. ಮರ ಬರುವಾಗ ನಿಯಾಝ್, ಸುಹರಾ, ನಾನು ಸೇರಿ ಹದಿನಾಲ್ಕು ಜನ ಉಳಿದಿದ್ದೆವು.

ನನ್ನ ಹಿಂದಿನ ಸಾಲಿನಲ್ಲಿ ಒಬ್ಬರು ವಯಸ್ಸಾದವರು ಕುಳಿತಿದ್ದರು. ಧರ್ಮಪಾಲ ಎಂದು ಹೆಸರು, ಕಡಬದ ಹತ್ತಿರ ರಬ್ಬರ್ ಇದೆಯಂತೆ. ಆಸ್ಪತ್ರೆಗೆ ಬಂದವರು, ಡಾಕ್ಟರು ಬರಲು ತಡ ಎಂದು ಫ್ಯಾನಿನ ಕೆಳಗೆ ಕೂರಲು ಬಂದದ್ದು. ಗೆರಟೆ ತುಂಬುತ್ತಾ ಬಂದ ಹಾಗೆ ಅವರು ಕುರ್ಚಿಯಲ್ಲಿ ಮಿಸುಕಾಡಲು ತೊಡಗಿದರು. ಹಾಲು ಉಕ್ಕಿತು ನೋಡು, ತಡೆಯಲಾಗಲಿಲ್ಲ. "ಯಾರ ತೋಟ ಮಾರಾಯ್ರೆ ಇದು? ಹಾಲು ಹೋಗ್ತಾ ಉಂಟಲ್ಲ! ತೆಗೀಲಿಕ್ಕೆ ಜನ ಇಲ್ವಾ?" ಎಂದು ದೊಡ್ಡ ಸ್ವರದಲ್ಲಿ ಕೇಳಿದರು.

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಎದ್ದು ನಿಂತಿದ್ದೆ, ಯಾವಾಗ ಎದ್ದೆನೋ ನನಗೇ ಗೊತ್ತಿಲ್ಲ. ಬಲಗೈ ಬಕೆಟ್ ಹಿಡಿದ ಹಾಗೆ ಮಡಚಿತ್ತು. "ಇದ್ದಾಳೆ. ಬಲಬದಿಗೆ ಮೂರನೇ ಮರ ನೋಡಿ, ಅದರ ಹಿಂದೆ ನಿಂತಿದ್ದಾಳೆ" ಎಂದೆ.

ಹದಿಮೂರು ಜನವೂ ಆ ಒಂದು ಚೂರು ನೀಲಿಯನ್ನೇ ನೋಡುತ್ತಿದ್ದರು. ಬಾಗಿಲ ಹತ್ತಿರ ಹೋಗಿದ್ದ ಒಬ್ಬ ಅಲ್ಲೇ ನಿಂತ. ಈಗ ಬರುತ್ತಾಳೆ, ಈಗ ಬರುತ್ತಾಳೆ ಎಂದು ಆ ಏಳು ನಿಮಿಷ ಎಲ್ಲರೂ ಕಾದರು. ನಾನೂ ಕಾದೆ. ಬರುವುದಿಲ್ಲ ಎಂದು ಗೊತ್ತಿದ್ದೂ ಕಾದೆ, ಚಿನ್ಮಯ. ಅವಳ ಸಿನಿಮಾ ನಾಲ್ಕು ಜನ ನೋಡಬೇಕು ಎಂದಿದ್ದೆಯಲ್ಲ, ನೋಡಿದರು.

ಮುಗಿದ ಮೇಲೆ ಧರ್ಮಪಾಲರು ನನ್ನ ಹತ್ತಿರ ಬಂದರು. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಬೇಸರದಲ್ಲಿ ತಲೆ ಅಲ್ಲಾಡಿಸಿ ಕೇಳಿದರು: "ಅಲ್ಲಮ್ಮ, ಅಷ್ಟು ಹತ್ತಿರ ಬಂದವಳು, ಮತ್ತೆ ಬರ್ಲಿಕ್ಕೆ ಅವಳಿಗೆ ಎಂತ ಕಷ್ಟ? ಹತ್ತು ಹೆಜ್ಜೆ ಕೂಡ ಇಲ್ವಲ್ಲ?"

ನಿನ್ನೆ ಬೆಳಗ್ಗೆ ಹಾಲು ತೆಗೆಯಲು ಹೋದಾಗ ಮೂರನೆಯ ಮರದಿಂದ ಆ ಮರದವರೆಗೆ ನಡೆದು ನೋಡಿದೆ. ಅವರು ಹೇಳಿದ್ದು ಸರಿ. ಏಳೇ ಹೆಜ್ಜೆ ಇರುವುದು.

ಅವ್ವ